ಅಡ್ವೆಂಚರ್ ಆಟದ ಕಾಣದ ಚುಕ್ಕೆ

ಟಿವಿಗೆ ಜೋಡಿಸಿ ಆಡುವ ಆಟದ ಯಂತ್ರ ಅಟಾರಿ 2600ಕ್ಕೆ 1980ರಲ್ಲಿ ಬಂದ ‘ಅಡ್ವೆಂಚರ್’ ಆಟದ ಕಪ್ಪು ಕೋಟೆಯೊಳಗೆ, ಬಾಗಿಲೇ ಇಲ್ಲದ ಪುಟ್ಟ ಕೋಣೆಯೊಂದಿದೆ. ಇಡೀ ಆಟ ಕೂತಿರುವುದು 4096 ಬೈಟ್‌ಗಳಲ್ಲಿ. ಒಂದೊಂದು ಬೈಟಿಗೂ ಲೆಕ್ಕವಿಟ್ಟವನು ಸುಮ್ಮನೆ ಕೋಣೆ ಕಟ್ಟುತ್ತಾನೆಯೇ? ಈ ಕೋಣೆಯ ಒಗಟು ಬಿಡಿಸಲು ಕೂತಾಗ ಕೈಗೆ ಸಿಗುವ ಮೊದಲ ಎಳೆ ಇದು. ಇನ್ನೊಂದು ಎಳೆ ಹಳದಿ ಕೋಟೆಯ ಹತ್ತಿರವಿದೆ. ಅಲ್ಲಿಂದ ಒಂದು ಪರದೆ ಕೆಳಗಿಳಿದು ಬಲಕ್ಕೆ ಹೋದರೆ ಸಿಗುವ ಓಣಿಯ ಕೊನೆಯಲ್ಲಿ ದಪ್ಪ ಗೋಡೆಯ ಬದಲು ಬರೀ ಒಂದು ತೆಳು ಗೆರೆ. ಆಚೆ ಏನೋ ಇರಬೇಕು ಅನ್ನಿಸುವುದೇ ಅದನ್ನು ನೋಡಿ.

ಅನ್ನಿಸಿದ್ದನ್ನು ಪರೀಕ್ಷೆ ಮಾಡದೆ ನಂಬಬಾರದು. ಅದಕ್ಕೆ ಎರಡನೆಯ ಹಂತವೇ ಸರಿ: ಮೊದಲ ಹಂತದ ಲೋಕ ಚಿಕ್ಕದು, ಮೂರನೆಯದರಲ್ಲಿ ವಸ್ತುಗಳ ಜಾಗ ಪ್ರತಿ ಸಲವೂ ಬದಲಾಗುತ್ತದೆ. ಯಂತ್ರದ ಮೇಲಿರುವ ಎರಡೂ ಡಿಫಿಕಲ್ಟಿ (ಕಷ್ಟದ ಮಟ್ಟದ) ಸ್ವಿಚ್‌ಗಳನ್ನು ‘ಬಿ’ಗೆ ಇಟ್ಟರೆ ಡ್ರ್ಯಾಗನ್‌ಗಳು ಕತ್ತಿ ಕಂಡು ಓಡುವುದಿಲ್ಲ, ಮೊದಲೇ ಅವನ್ನು ಮುಗಿಸಿಬಿಡಿ. ಆಮೇಲೆ ಕಪ್ಪು ಕೀಲಿಯಿಂದ ಕೋಟೆ ತೆರೆದು, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಸೇತುವೆಯನ್ನು ಒಳಗೆ ಒಯ್ದು, ಮುಚ್ಚಿದ ಕೋಣೆಯ ಗೋಡೆಗೆ ಅಡ್ಡಲಾಗಿ ಇಡಬೇಕು. ಒಳಹೊಕ್ಕರೆ ಕೋಣೆ ಖಾಲಿ. ಬಹಳ ಜನ ಇಲ್ಲಿಂದಲೇ ವಾಪಸಾಗುತ್ತಾರೆ. ಕಾಣಲಿಲ್ಲ ಅಂದರೆ ಇಲ್ಲ ಅಂತಲ್ಲ: ಗೋಡೆಯ ಪಕ್ಕ ಪಕ್ಕವೇ ಸಾಗಿ ಇಂಚಿಂಚೂ ತಡವಿದರೆ, ವಸ್ತು ಎತ್ತಿಕೊಂಡಾಗ ಬರುವ ಶಬ್ದ ಕೇಳುತ್ತದೆ. ಸಿಕ್ಕಿದ್ದು ಒಂದು ಪಿಕ್ಸೆಲ್‌ನ ಬೂದು ಚುಕ್ಕೆ. ಹಿನ್ನೆಲೆಯದ್ದೂ ಅದೇ ಬೂದು.

ಅದನ್ನು ಹಿಡಿದು ಓಣಿಗೆ ಬಂದರೂ ಗೆರೆ ಜಗ್ಗುವುದಿಲ್ಲ. ಊಹೆ ತಪ್ಪೆಂದು ಕೈಬಿಡುವ ಮುನ್ನ ಯಂತ್ರದ ಸ್ವಭಾವ ನೆನಪಿಸಿಕೊಳ್ಳಬೇಕು. ಈ ಆಟ ಒಂದು ಸಲಕ್ಕೆ ಎರಡೇ ವಸ್ತುಗಳನ್ನು ತೋರಿಸಬಲ್ಲದು. ಮೂರನೆಯದು ಬಂದ ಕೂಡಲೇ ಸರದಿಯ ಮೇಲೆ ತೋರಿಸುತ್ತದೆ, ಅದಕ್ಕೇ ಎಲ್ಲವೂ ಮಿನುಗತೊಡಗುತ್ತವೆ. ಆ ತೆಳು ಗೆರೆಗೂ ವಸ್ತುವಿಗೂ ಬಣ್ಣ ಕೊಡುವುದು ಒಂದೇ ರಿಜಿಸ್ಟರ್, ಅಂದರೆ ಯಂತ್ರದೊಳಗೆ ಬೆಲೆಯೊಂದನ್ನು ಹಿಡಿದಿಡುವ ಪುಟ್ಟ ಜಾಗ. ಚುಕ್ಕೆಯ ಸರದಿ ಬಂದಾಗ ಗೆರೆಯೂ ಬೂದಾಗಿ ಹಿನ್ನೆಲೆಯಲ್ಲಿ ಕರಗುತ್ತದೆ. ಈ ಆಟದಲ್ಲಿ ನನಗೆ ಅತ್ಯಂತ ಚೆಂದವೆನಿಸುವ ಜಾಗ ಇದೇ: ಯಂತ್ರದ ಮಿತಿಯೇ ಬೀಗವೂ ಆಗಿದೆ, ಕೀಲಿಯೂ ಆಗಿದೆ.

ಹಾಗಾಗಿ ಚುಕ್ಕೆಯ ಜೊತೆ ಇನ್ನೆರಡಾದರೂ ವಸ್ತು ಓಣಿಯಲ್ಲಿರಬೇಕು. ಒಂದು ಸಲಕ್ಕೆ ಒಂದನ್ನೇ ಹೊರಬಹುದಾದ್ದರಿಂದ ಕತ್ತಿ, ಮ್ಯಾಗ್ನೆಟ್, ಬಿಳಿ ಕೀಲಿ ಇವುಗಳನ್ನು ಮೊದಲೇ ತಂದಿಡಿ. ಆಟದ ಗುರಿಯಾದ ಬಟ್ಟಲಿನ ತಂಟೆ ಬೇಡ, ಅದು ಹಳದಿ ಕೋಟೆಯೊಳಗೆ ಹೋದರೆ ಆಟ ಮುಗಿಯಿತು. ಸತ್ತ ಡ್ರ್ಯಾಗನ್ ಕೂಡ ವಸ್ತುವಿನ ಲೆಕ್ಕಕ್ಕೆ ಬರುತ್ತದೆ, ಓಣಿಯಲ್ಲೇ ಬಿದ್ದಿದ್ದರೆ ಒಳ್ಳೆಯದೇ. ಕೈ ಕೊಡುವುದು ಎರಡು ಕಡೆ. ಬಾವಲಿ ಹಾರಿಬಂದು ಇಟ್ಟದ್ದನ್ನು ಹೊತ್ತೊಯ್ಯುತ್ತದೆ; ಚುಕ್ಕೆ ತರುವ ಮುನ್ನ ಒಮ್ಮೆ ಎಣಿಸಿ ನೋಡಿ. ಇನ್ನೊಂದು, ಚುಕ್ಕೆ ಹಿಡಿದು ನಡೆಯುವಾಗ ಬೇರೆ ವಸ್ತು ತಾಗಿದರೆ ಅದು ಕೈಗೆ ಬಂದು ಚುಕ್ಕೆ ಬಿದ್ದುಹೋಗುತ್ತದೆ, ಮತ್ತೆ ತಡಕಾಟ. ವಸ್ತುಗಳನ್ನು ಓಣಿಯ ಒಂದು ಬದಿಗೆ ಸರಿಸಿಟ್ಟರೆ ನಡೆಯಲು ಜಾಗ ಉಳಿಯುತ್ತದೆ.

ಗೆರೆ ಮಿನುಗತೊಡಗಿದಾಗ ಜಾಯ್‌ಸ್ಟಿಕ್ ಬಲಕ್ಕೆ ಒತ್ತಿ ಹಿಡಿದರೆ ಆಚೆಗೆ ದಾಟುತ್ತೀರಿ. ಅಲ್ಲಿ ಬಣ್ಣ ಬದಲಿಸುತ್ತಲೇ ಇರುವ ಅಕ್ಷರಗಳಲ್ಲಿ ‘ಕ್ರಿಯೇಟೆಡ್ ಬೈ ವಾರೆನ್ ರಾಬಿನೆಟ್’ ಎಂದಿದೆ. ಆಟ ಬರೆದವರ ಹೆಸರನ್ನು ಆಗ ಅಟಾರಿ ಎಲ್ಲೂ ಹಾಕುತ್ತಿರಲಿಲ್ಲ. ಯಾರಿಗೂ ಹೇಳದೆ ಅವರೇ ಬರೆದಿಟ್ಟ ಹೆಸರಿದು. ಅದನ್ನು ಪತ್ತೆಹಚ್ಚಿ ಕಂಪನಿಗೆ ಪತ್ರ ಬರೆದವನು ಸಾಲ್ಟ್ ಲೇಕ್ ಸಿಟಿಯ 15 ವರ್ಷದ ಹುಡುಗ.

ದಾಟಿದ ಮೇಲೂ ಒಂದು ಪರೀಕ್ಷೆ ಬಾಕಿ ಇರುತ್ತದೆ. ಕೆಲಸ ಮಾಡಿದ್ದು ಚುಕ್ಕೆಯೋ, ಬರೀ ಮಿನುಗುವಿಕೆಯೋ? ಆಟವನ್ನು ಮೊದಲಿನಿಂದ ಶುರುಮಾಡಿ, ಚುಕ್ಕೆಯನ್ನು ಅದರ ಕೋಣೆಯಲ್ಲೇ ಬಿಟ್ಟು, ಬೇರೆ ಮೂರು ವಸ್ತುಗಳನ್ನು ಓಣಿಗೆ ತಂದು ಗೆರೆಯನ್ನು ಒತ್ತಿ. ವಸ್ತುಗಳು ಮಿನುಗುತ್ತವೆ, ಗೆರೆ ದಾರಿ ಬಿಡುವುದಿಲ್ಲ.