ಸುಮೋ ಪಟುವಿನ ಹೋಟೆಲಿನಲ್ಲಿ ಊಟ ನಿಜಕ್ಕೂ ಚೆನ್ನಾಗಿರುತ್ತದೆಯೇ?

ನಾನು ಟೋಕಿಯೊದಲ್ಲಿ ನೆಲೆಸಿದ ಮೇಲೆ ಊರಿನಿಂದ ಬರುವ ನೆಂಟರೂ ಕೆಲಸದ ಮೇಲೆ ಬಂದುಹೋಗುವ ಸ್ನೇಹಿತರೂ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ರಿಯೋಗೊಕು ಎಂಬ ಬಡಾವಣೆಯಲ್ಲಿ ನಿವೃತ್ತ ಸುಮೋ ಪಟುಗಳು ನಡೆಸುವ ಹೋಟೆಲುಗಳಿವೆಯಲ್ಲ, ಅಲ್ಲಿನ ಊಟ ನಿಜವಾಗಿ ಚೆನ್ನಾಗಿರುತ್ತದೆಯೇ, ಇಲ್ಲವೇ ಹೆಸರಿನ ಮೇಲೆ ವ್ಯಾಪಾರ ನಡೆಯುತ್ತದೆಯೇ? ಮೈಸೂರಿನಿಂದ ಬಂದಿದ್ದ ನನ್ನ ಸೋದರಮಾವ ಇದನ್ನೇ ಇನ್ನೂ ನೇರವಾಗಿ ಕೇಳಿದರು: “ಅಲ್ಲಮ್ಮಾ, ಅಖಾಡದಲ್ಲಿ ಸೆಣಸಿದವನಿಗೆ ಸೌಟು ಹಿಡಿಯೋದು ಯಾರು ಕಲಿಸಿದ್ರು?”

ಗರಡಿಮನೆಯೇ ಕಲಿಸಿತು ಎಂಬುದು ನನ್ನ ಉತ್ತರ. ಬೇರೆ ಆಟಗಳಲ್ಲಿ ಹೆಸರು ಮಾಡಿದವರು ಹೋಟೆಲು ತೆರೆದರೆ ಅಲ್ಲಿ ಅಡುಗೆ ಮಾಡುವವರು ಬೇರೆಯವರೇ ಆಗಿರುತ್ತಾರೆ. ಮಾಲೀಕರದು ಬಂಡವಾಳ ಮತ್ತು ಗೋಡೆಯ ಮೇಲಿನ ಫೋಟೊ. ಸುಮೋದಲ್ಲಿ ಹಾಗಲ್ಲ. ‘ಹೇಯ’ ಎಂದು ಕರೆಯುವ ಗರಡಿಮನೆಗಳಲ್ಲಿ ಪಟುಗಳು ಒಟ್ಟಿಗೆ ವಾಸಿಸುತ್ತಾರೆ, ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತಾರೆ. ಹದಿನೈದು ಹದಿನಾರರ ವಯಸ್ಸಿನಲ್ಲಿ ಸೇರಿದ ಹುಡುಗ ಬೆಳಗಿನ ಸಾಮು ಮುಗಿಸಿ, ಮೈಗೆ ಅಂಟಿದ ಮಣ್ಣು ತೊಳೆದುಕೊಂಡು, ತನ್ನ ಸರದಿ ಬಂದಾಗ ಅಡುಗೆಮನೆಗೆ ನಡೆಯಬೇಕು. ಈ ಸರದಿಗೆ ‘ಚಾಂಕೊ-ಬಾನ್’ ಎನ್ನುತ್ತಾರೆ. ಪಟುಗಳು ಉಣ್ಣುವ ಊಟಕ್ಕೆಲ್ಲ ಚಾಂಕೊ ಎಂದೇ ಹೆಸರು. ಅದರಲ್ಲಿ ಪ್ರಸಿದ್ಧವಾದದ್ದು ಕೋಳಿಮಾಂಸ, ಮೀನು, ತೋಫು, ತರಕಾರಿಗಳನ್ನು ಒಂದೇ ದೊಡ್ಡ ಪಾತ್ರೆಯಲ್ಲಿ ಕುದಿಸಿ ಮಾಡುವ ಚಾಂಕೊ-ನಾಬೆ.

ಸುಮೋದಲ್ಲಿ ಸುಮಾರು 600 ಪಟುಗಳಿದ್ದರೆ, ತಿಂಗಳ ಸಂಬಳ ಸಿಗುವುದು ಮೇಲಿನ ಎರಡು ದರ್ಜೆಗಳ 70 ಮಂದಿಗೆ ಮಾತ್ರ. ಉಳಿದವರಿಗೆ ಊಟ, ವಸತಿ ಮತ್ತು ಅಲ್ಪ ಭತ್ಯೆ. ಮೇಲಿನ ದರ್ಜೆಗೆ ಏರಿದವನು ಅಡುಗೆಯ ಸರದಿಯಿಂದ ಬಿಡುಗಡೆ ಹೊಂದುತ್ತಾನೆ. ಏರಲಾಗದವನು ವರ್ಷಗಟ್ಟಲೆ ಅಲ್ಲಿಯೇ ಪಳಗಿ, ಕಡೆಗೆ ‘ಚಾಂಕೊ-ಚೋ’, ಅಂದರೆ ಅಡುಗೆಮನೆಯ ಯಜಮಾನನೂ ಆಗಬಹುದು. ನಿವೃತ್ತಿಯಾದ ಮೇಲೆ ಸುಮೋ ಸಂಘದಲ್ಲಿ ಹಿರಿಯರಾಗಿ ಉಳಿಯಲು ಇರುವ ಸ್ಥಾನಗಳು 105 ಮಾತ್ರ, ಅವೂ ದೊಡ್ಡ ದರ್ಜೆ ಕಂಡವರಿಗೆ. ಮೂವತ್ತರ ಆಸುಪಾಸಿನಲ್ಲಿ ಜುಟ್ಟು ಕತ್ತರಿಸಿಕೊಂಡು ಹೊರಬಂದವನ ಕೈಯಲ್ಲಿ ಇರುವ ಕಸುಬು ಇಪ್ಪತ್ತು ಜನರಿಗೆ ಹದವಾಗಿ ಚಾಂಕೊ ಮಾಡುವುದು. ಈ ಹೋಟೆಲುಗಳು ಹುಟ್ಟಿದ್ದು ಹೊಟ್ಟೆಪಾಡಿಗಾಗಿ ಎಂಬುದನ್ನು ನಾನು ಗೌರವದಿಂದ ಹೇಳುತ್ತೇನೆ.

ಹಿಂದಿನ ಪಟುವೊಬ್ಬರು 1937ರಲ್ಲಿ ಆರಂಭಿಸಿದ ‘ಚಾಂಕೊ ಕಾವಾಸಾಕಿ’ ಈ ಬಗೆಯ ಹಳೆಯ ಹೋಟೆಲುಗಳಲ್ಲೊಂದು. ರೈಲು ನಿಲ್ದಾಣದ ಬಳಿ 1991ರ ಜನವರಿ ಪಂದ್ಯಾವಳಿಯನ್ನು ಗೆದ್ದ, ಸುಮೋದ ಎರಡನೆಯ ಅತ್ಯುನ್ನತ ಪದವಿಯಾದ ‘ಓಜೆಕಿ’ ಪಡೆದಿದ್ದ ಕಿರಿಶಿಮಾ ಅವರ ಹೆಸರಿನ ಬಹುಮಹಡಿ ಹೋಟೆಲು ಇದೆ. ಮೊದಲ ಸಲ ಹೋಗುವವರಿಗೆ ದೊಡ್ಡ ಹೆಸರಿನ ಜಾಗಗಳು ಅನುಕೂಲ, ಚಿತ್ರಗಳಿರುವ ಮೆನು ಸಿಗುತ್ತದೆ, ಕುಳಿತುಕೊಳ್ಳಲು ಸ್ಥಳವಿರುತ್ತದೆ. ಆದರೆ ನನ್ನನ್ನು ಕೇಳಿದರೆ, ಯಾರೂ ಹೆಸರು ಕೇಳಿರದ, ಕೆಳ ದರ್ಜೆಯಲ್ಲೇ ಉಳಿದು ನಿವೃತ್ತನಾದವನ ಚಿಕ್ಕ ಹೋಟೆಲಿಗೆ ಹೋಗಿ ಎನ್ನುತ್ತೇನೆ. ಒಲೆಯ ಮುಂದೆ ಹೆಚ್ಚು ಕಾಲ ಕಳೆದವನು ಅವನೇ.

ಸೋದರಮಾವನನ್ನು ನಾನು ಕರೆದೊಯ್ದದ್ದು ಅಂಥ ಒಂದು ಜಾಗಕ್ಕೆ. ಆರೇ ಮೇಜುಗಳು, ಗೋಡೆಯ ಮೇಲೆ ಪಟುವೊಬ್ಬನ ಅಂಗೈ ಗುರುತಿನ ಕಾಗದ. ನಮ್ಮ ಮೇಜಿನ ಒಲೆಯ ಮೇಲೆ ಕೋಳಿಯ ಮೂಳೆಗಳನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದ ಸಾರಿನ ಪಾತ್ರೆ ಬಂದು ಕುಳಿತಿತು. ಈ ಬಗೆಗೆ ‘ಸೊಪ್ಪು’ ಎಂದು ಹೆಸರೆಂದಾಗ ಮಾವ ಯಾವ ಸೊಪ್ಪು ಎಂದು ಹುಡುಕಿದರು. ಅದು ಸೂಪಿಗೆ ಡಚ್ಚರು ಬಳಸುವ ಮಾತು ಜಪಾನೀ ಬಾಯಲ್ಲಿ ತಿರುಗಿದ ರೂಪ. ಮಾಲೀಕರು ಗೋಬೋ ಎಂಬ ಉದ್ದನೆಯ ಬೇರನ್ನು ಪೆನ್ಸಿಲ್ ಹೆರೆದಂತೆ ತೆಳುವಾಗಿ ಹೆರೆದು ಸಾರಿಗೆ ಉದುರಿಸಿದರು. ಆಮೇಲೆ ಅರ್ಧಕ್ಕೆ ಸೀಳಿದ ಬಿದಿರಿನ ತುಂಡಿನಲ್ಲಿ ಒತ್ತಿಟ್ಟಿದ್ದ ಕೋಳಿಯ ಕೊಚ್ಚಿದ ಮಾಂಸವನ್ನು ಚಪ್ಪಟೆ ಕಡ್ಡಿಯಿಂದ ಒಂದೊಂದೇ ಉಂಡೆಯಾಗಿ ಜಾರಿಸಿದರು. ಆ ಅಗಲವಾದ ಕೈಯಿಂದ ಒಂದರಂತೆ ಇನ್ನೊಂದು ಬೀಳುತ್ತಿದ್ದ ಉಂಡೆಗಳನ್ನು ನೋಡುತ್ತಾ ಮಾವ ಮಾತು ನಿಲ್ಲಿಸಿದರು.

ಕೋಳಿಯೇ ಏಕೆಂದರೆ ಅದು ಎರಡು ಕಾಲಿನ ಮೇಲೆ ನಿಲ್ಲುತ್ತದೆ. ಸುಮೋದಲ್ಲಿ ಅಂಗಾಲಿನ ಹೊರತು ಮೈಯ ಯಾವ ಭಾಗ ನೆಲ ತಾಕಿದರೂ ಸೋಲು. ಹಾಗಾಗಿ ನಾಲ್ಕು ಕಾಲಿನ ಪ್ರಾಣಿ ಅಪಶಕುನವೆಂಬುದು ಹಳೆಯ ನಂಬಿಕೆ. ಈಗ ಹಂದಿಮಾಂಸ, ದನದ ಮಾಂಸ ಹಾಕುವವರೂ ಇದ್ದಾರೆ.

ಇದನ್ನು ಉಂಡರೆ ದಪ್ಪಗಾಗುತ್ತೇವೆ ಎಂಬ ಹೆದರಿಕೆ ಬೇಡ. ಪಾತ್ರೆಯಲ್ಲಿ ಎಣ್ಣೆ ಕಡಿಮೆ, ತರಕಾರಿ ಹೆಚ್ಚು. ಪಟುಗಳ ಮೈ ಬೆಳೆಯುವುದು ಖಾಲಿ ಹೊಟ್ಟೆಯಲ್ಲಿ ಸಾಮು ಮಾಡಿ, ಅನ್ನದ ಜೊತೆ ಬಟ್ಟಲುಗಟ್ಟಲೆ ಉಂಡು, ಮಧ್ಯಾಹ್ನ ಮಲಗುವುದರಿಂದ. ಸಸ್ಯಾಹಾರಿಗಳಿಗೆ ಮಾತ್ರ ನಾನು ಸ್ಪಷ್ಟವಾಗಿ ಬೇಡವೆನ್ನುತ್ತೇನೆ. ಮಾಂಸದ ತುಂಡು ತೆಗೆದಿಟ್ಟರೂ ಸಾರೇ ಕೋಳಿಯದು ಅಥವಾ ಮೀನಿನದು. ಹೋಗುವವರು ಮೊದಲೇ ಮೇಜು ಕಾದಿರಿಸಿ. ಜನವರಿ, ಮೇ, ಸೆಪ್ಟೆಂಬರ್ ತಿಂಗಳ ಪಂದ್ಯಾವಳಿಯ 15 ದಿನಗಳಲ್ಲಿ ಸಂಜೆ ಆರಕ್ಕೆ ಆಟ ಮುಗಿದೊಡನೆ ಕೊಕುಗಿಕಾನ್ ಕ್ರೀಡಾಂಗಣದಿಂದ ಸಾವಿರಾರು ಜನ ಇದೇ ಬೀದಿಗಳಿಗೆ ಇಳಿಯುತ್ತಾರೆ.

ಎಲ್ಲ ಮುಗಿದು ಪಾತ್ರೆಯ ತಳದಲ್ಲಿ ಸಾರು ಮಾತ್ರ ಉಳಿದಾಗ ಎದ್ದುಬಿಡಬಾರದು. ಅದಕ್ಕೆ ಅನ್ನ ಹಾಕಿ, ಮೊಟ್ಟೆ ಕದಡಿ ಸುರಿದು, ಮುಚ್ಚಳ ಮುಚ್ಚಿ ಮಾಡುವ ಗಂಜಿಯಂಥ ‘ಝೋಸುಯಿ’ ಈ ಊಟದ ಕೊನೆಯ ಭಾಗ. ಅಷ್ಟು ಹೊತ್ತು ಬೇರೆ ಮೇಜುಗಳಲ್ಲಿದ್ದ ಮಾಲೀಕರು ಇದಕ್ಕೆ ತಾವೇ ಬಂದರು. ಗರಡಿಮನೆಯಲ್ಲಿ ಮೊದಲ ಪಂಕ್ತಿ ಗುರುಗಳದು ಮತ್ತು ಹಿರಿಯರದು, ಕಿರಿಯರು ಹಿಂದೆ ನಿಂತು ಬಡಿಸಿ ಕೊನೆಗೆ ಕುಳಿತುಕೊಳ್ಳಬೇಕು, ಹದಿಮೂರು ವರ್ಷ ತಮ್ಮ ಪಾಲಿಗೆ ಬಂದದ್ದು ಈ ತಳದ ಸಾರೇ, ಹಾಗಾಗಿ ಇದರ ರುಚಿ ತಮಗೆ ಚೆನ್ನಾಗಿ ಗೊತ್ತು ಎಂದು ಹೇಳುತ್ತಾ, ಮುಚ್ಚಳ ತೆಗೆದು, ಮೊದಲ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮಾವನ ಮುಂದಿಟ್ಟರು.