ಕಾರಿನ ಆಯಿಲ್ ಎಲ್ಲಿ ಬದಲಾಯಿಸೋದು? ಷೋರೂಂನಲ್ಲಾ, ಗ್ಯಾರೇಜ್‌ನಲ್ಲಾ?

ಕಾರು ತೆಗೆದುಕೊಂಡು ಒಂದೆರಡು ವರ್ಷ ಆದಮೇಲೆ ಬಹಳ ಜನರಿಗೆ ಬರುವ ಪ್ರಶ್ನೆ ಇದು. ಫ್ರೀ ಸರ್ವೀಸ್ ಎಲ್ಲ ಮುಗಿದಿರುತ್ತದೆ, ಮೊದಲ ಪೇಯ್ಡ್ ಸರ್ವೀಸ್‌ನ ಬಿಲ್ ಕೈಗೆ ಬಂದಿರುತ್ತದೆ. ಆಫೀಸಲ್ಲಿ ಒಬ್ಬರು "ನಮ್ಮ ಏರಿಯಾದಲ್ಲಿ ಒಬ್ಬ ಹುಡುಗ ಇದ್ದಾನೆ, ಅರ್ಧ ದುಡ್ಡಿಗೆ ಮಾಡಿಕೊಡ್ತಾನೆ" ಅನ್ನುತ್ತಾರೆ. ಪಕ್ಕದಲ್ಲೇ ಇನ್ನೊಬ್ಬರು "ಅಯ್ಯೋ, ಹೊರಗಡೆ ಮಾಡಿಸಿದ್ರೆ ವಾರಂಟಿ ಹೋಗುತ್ತೆ" ಅನ್ನುತ್ತಾರೆ. ಇಬ್ಬರ ಮಾತಲ್ಲೂ ಅರ್ಧ ಮಾತ್ರ ಸರಿ.

ನಾನು ನೋಡುವುದು ಒಂದೇ. ಆಯಿಲ್ ಇಳಿಸಿ ಹೊಸದು ಹಾಕುವಾಗ ನಾನು ಪಕ್ಕದಲ್ಲಿ ನಿಂತಿರಬಹುದಾ? ನಿಲ್ಲೋಕೆ ಬಿಟ್ಟರೆ ಸಣ್ಣ ಗ್ಯಾರೇಜ್ ಆದರೂ ಪರವಾಗಿಲ್ಲ. ಬಿಡದಿದ್ದರೆ, ಎಷ್ಟು ದೊಡ್ಡ ಬೋರ್ಡ್ ಹಾಕಿಕೊಂಡಿದ್ದರೂ, ಬೇರೆ ದಾರಿ ಇರುವಾಗ ನಾನು ಅಲ್ಲಿಗೆ ಹೋಗುವುದಿಲ್ಲ. ಆಯಿಲ್ ಚೇಂಜ್ ಏನು ಕಷ್ಟದ ಕೆಲಸ ಅಲ್ಲ. ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಬೇಕು, ಹಳೆಯದು ಇಳಿಯಬೇಕು, ಫಿಲ್ಟರ್ ಬದಲಾಗಬೇಕು, ಬೋಲ್ಟ್ ಹಾಕಿ ಹೊಸ ಆಯಿಲ್ ಸುರಿಯಬೇಕು. ಇದರಲ್ಲಿ ಮೋಸ ಆಗುವುದೆಲ್ಲ ನಾವು ನೋಡದೇ ಇದ್ದಾಗ ಮಾತ್ರ. ಬಾನೆಟ್ ಮುಚ್ಚಿದ ಮೇಲೆ ಒಳಗೆ ಯಾವ ಆಯಿಲ್ ಇದೆ ಅಂತ ಬಣ್ಣ ನೋಡಿ ಹೇಳೋಕೆ ಯಾರಿಗೂ ಆಗಲ್ಲ.

ಜಾಗ ಹುಡುಕುವ ಮುಂಚೆ ಒಂದು ಕೆಲಸ ಇದೆ. ಗ್ಲವ್ ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದೆ ಇಟ್ಟಿರುತ್ತೀರಲ್ಲ, ಆ ಓನರ್ಸ್ ಮ್ಯಾನುವಲ್, ಅದನ್ನು ತೆಗೆದು ನೋಡಿ. ಯಾವ ಗ್ರೇಡ್ ಆಯಿಲ್, ಎಷ್ಟು ಲೀಟರ್, ಎಷ್ಟು ಕಿಲೋಮೀಟರ್‌ಗೆ ಒಮ್ಮೆ ಅನ್ನುವುದೆಲ್ಲ ಅದರಲ್ಲೇ ಇರುತ್ತದೆ. ಈಗಿನ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹಲವು 0ಡಬ್ಲ್ಯೂ-20 ಕೇಳುತ್ತವೆ, ಕೆಲವು 0ಡಬ್ಲ್ಯೂ-16, ಸ್ವಲ್ಪ ಹಳೆಯವು 5ಡಬ್ಲ್ಯೂ-30. ಮೊದಲನೇ ಅಂಕಿ ಎಂಜಿನ್ ತಣ್ಣಗಿರುವಾಗ ಆಯಿಲ್ ಎಷ್ಟು ಬೇಗ ಹರಿಯುತ್ತದೆ ಅನ್ನುವುದಕ್ಕೆ, ಎರಡನೆಯದು ಕಾದಾಗ, ಅಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಷ್ಟು ಗಟ್ಟಿ ಇರುತ್ತದೆ ಅನ್ನುವುದಕ್ಕೆ. ಇಷ್ಟು ಗೊತ್ತಿದ್ದರೆ ಸಾಕು.

ಇದು ಯಾಕೆ ಗೊತ್ತಿರಬೇಕು ಅಂದರೆ, ಹಳೇ ಕಾಲದ ಮೆಕ್ಯಾನಿಕ್‌ಗಳಲ್ಲಿ ಕೆಲವರಿಗೆ ತೆಳು ಆಯಿಲ್ ಕಂಡರೆ ಆಗಲ್ಲ. "ಇದು ನೀರಿದ್ದಂಗಿದೆ ಸಾರ್, ನಮ್ಮ ಬಿಸಿಲಿಗೆ ತಡೆಯಲ್ಲ, ದಪ್ಪ ಆಯಿಲ್ ಹಾಕ್ತೀನಿ" ಅನ್ನುತ್ತಾರೆ. ಅವರು ಅಂಬಾಸಿಡರ್, ಮಾರುತಿ 800 ಬಿಚ್ಚಿ ಕಲಿತವರು, 20ಡಬ್ಲ್ಯೂ-40 ಹಾಕಿ ಹಾಕಿ ಕೈ ಪಳಗಿದವರು, ಆ ಗಾಡಿಗಳಿಗೆ ಅದೇ ಸರಿ ಇತ್ತು. ಈಗಿನ ಎಂಜಿನ್‌ಗಳಲ್ಲಿ ಭಾಗಗಳ ನಡುವಿನ ಸಂದಿ ತೀರಾ ಸಣ್ಣದು, ವಾಲ್ವ್ ಟೈಮಿಂಗ್, ಅಂದರೆ ವಾಲ್ವ್‌ಗಳು ತೆರೆದು ಮುಚ್ಚುವ ಸಮಯ, ಬದಲಾಯಿಸುವ ಕೆಲಸ ಕೂಡ ಹಲವು ಎಂಜಿನ್‌ಗಳಲ್ಲಿ ಆಯಿಲ್ ಪ್ರೆಷರ್‌ನಿಂದಲೇ ಆಗುತ್ತದೆ. ದಪ್ಪ ಆಯಿಲ್ ಹಾಕಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನವರೆಗೆ ತಲುಪೋಕೆ ತಡ ಆಗುತ್ತದೆ, ಮೈಲೇಜ್ ಕೂಡ ಇಳಿಯುತ್ತದೆ. ಗ್ಯಾರೇಜ್‌ಗೆ ಹೋಗಿ "ನನ್ನ ಗಾಡಿಗೆ 0ಡಬ್ಲ್ಯೂ-20 ಬೇಕು" ಅಂದಾಗ "ಇದೆ" ಅಂತಲೋ "ತರಿಸಿಕೊಡ್ತೀನಿ" ಅಂತಲೋ ಹೇಳುವವನು ನಿಮ್ಮ ಮೆಕ್ಯಾನಿಕ್. "ಅದೆಲ್ಲಾ ಏನೂ ಇಲ್ಲ, ಎಲ್ಲಾ ಒಂದೇ" ಅಂದವನಿಗೆ ಕೈ ಮುಗಿದು ಬಂದುಬಿಡಿ.

ಈಗ ಕಂಪನಿ ಸರ್ವೀಸ್ ವಿಷಯ. ವಾರಂಟಿ ಇರುವವರೆಗೂ ನಾನು ಅಲ್ಲೇ ಹೋಗು ಅನ್ನುತ್ತೇನೆ. ಯಾಕಂದರೆ ಸರಿಯಾದ ಗ್ರೇಡ್ ಹಾಕುತ್ತಾರೆ, ಕಿಲೋಮೀಟರ್ ಮತ್ತು ತಾರೀಖು ಕಂಪನಿ ಕಂಪ್ಯೂಟರ್‌ನಲ್ಲಿ ದಾಖಲಾಗುತ್ತದೆ, ನಾಳೆ ಎಂಜಿನ್‌ನಲ್ಲಿ ಏನಾದರೂ ಆದರೆ ವಾದ ಮಾಡುವ ಗೋಜೇ ಇರುವುದಿಲ್ಲ. ಗಾಡಿ ಮಾರುವಾಗಲೂ ಆ ಸರ್ವೀಸ್ ಹಿಸ್ಟರಿಗೆ ಬೆಲೆ ಇದೆ.

ಹಾಗಂತ ಹೊರಗೆ ಮಾಡಿಸಿದ ತಕ್ಷಣ ವಾರಂಟಿ ಹಾರಿಹೋಗಬೇಕು ಅಂತೇನೂ ಇಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರ್ ಕಂಪನಿಗಳಿಗೆ ಸೇರಿಸಿ 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಹೊರಗಿನ ಗ್ಯಾರೇಜ್‌ಗಳಿಗೆ ಸ್ಪೇರ್ ಪಾರ್ಟ್ಸ್, ರಿಪೇರಿ ಮಾಹಿತಿ ಸಿಗದ ಹಾಗೆ ಮಾಡಿದ್ದಾರೆ ಅನ್ನುವುದು ಕೇಸು. ಹೊರಗೆ ಕೆಲಸ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡಬಾರದು, ಆ ಕೆಲಸ ಕೆಟ್ಟದಾಗಿ ಆಗಿ ಏನು ಹಾಳಾಯಿತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಅಂತ ಅದೇ ಆದೇಶದಲ್ಲಿ ಇತ್ತು. ಕಂಪನಿಗಳು ಕೋರ್ಟ್ ಮೆಟ್ಟಿಲು ಹತ್ತಿದವು, ಅದು ಬೇರೆ ಕಥೆ. ಆದರೆ ನಮ್ಮಂಥವರು ಎಂಜಿನ್ ಕೆಟ್ಟು ನಿಂತಾಗ ಆಯೋಗದ ಆದೇಶ ಹಿಡಿದುಕೊಂಡು ಸರ್ವೀಸ್ ಮ್ಯಾನೇಜರ್ ಹತ್ತಿರ ಜಗಳ ಆಡೋಕೆ ಹೋಗ್ತೀವಾ? ಹೋಗಲ್ಲ ಅಲ್ವಾ. ಅದಕ್ಕೇ ವಾರಂಟಿ ಮುಗಿಯುವವರೆಗೂ ಸುಮ್ನೆ ಕಂಪನಿಯಲ್ಲೇ ಮಾಡಿಸಿ ಅನ್ನುವುದು.

ಕಂಪನಿ ಸರ್ವೀಸ್‌ನಲ್ಲಿ ತಲೆನೋವು ಆಯಿಲ್‌ದಲ್ಲ, ಆಯಿಲ್ ಜೊತೆ ಬರುವ ಬಾಲದ್ದು. ಜಾಬ್ ಕಾರ್ಡ್ ಬರೆಯುವಾಗ ಸರ್ವೀಸ್ ಅಡ್ವೈಸರ್ ನಗುನಗುತ್ತಾ ಶುರು ಮಾಡುತ್ತಾರೆ. ಎಂಜಿನ್ ಫ್ಲಶ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎಂಜಿನ್ ಕೋಟಿಂಗ್, ಎಸಿ ಡಿಸ್‌ಇನ್ಫೆಕ್ಷನ್, ಇಂಟೀರಿಯರ್ ಕ್ಲೀನಿಂಗ್... ಮದುವೆ ಊಟಕ್ಕೆ ಕೂತಾಗ ಬೇಡ ಬೇಡ ಅಂದರೂ ಎಲೆಗೆ ಬಡಿಸಿಕೊಂಡು ಹೋಗುತ್ತಾರಲ್ಲ, ಹಾಗೆ. ಪಾಪ, ಅವರಿಗೂ ಟಾರ್ಗೆಟ್ ಇರುತ್ತದೆ. ಮ್ಯಾನುವಲ್‌ನ ಸರ್ವೀಸ್ ಪಟ್ಟಿಯಲ್ಲಿ ಆ ಕಿಲೋಮೀಟರ್‌ಗೆ ಏನು ಬರೆದಿದೆಯೋ ಅಷ್ಟು ಮಾಡಿ, ಬೇರೆ ಏನೇ ಇದ್ದರೂ ಫೋನ್ ಮಾಡಿ ಕೇಳಿ ಅಂತ ಹೇಳಿ, ಅದನ್ನು ಜಾಬ್ ಕಾರ್ಡ್ ಮೇಲೆ ಬರೆಸಿಯೇ ಸಹಿ ಹಾಕಿ. ನಮ್ಮ ಗಾಡಿ ಬಿಡುತ್ತಿದ್ದ ಒಂದು ಸರ್ವೀಸ್ ಸೆಂಟರ್‌ನಲ್ಲಿ ನಾವು ಕೇಳದೇ ಇದ್ದ ಕ್ಲೀನಿಂಗ್ ಒಂದು ಬಿಲ್‌ನಲ್ಲಿ ಕೂತಿತ್ತು. ಜಾಬ್ ಕಾರ್ಡ್ ತೋರಿಸಿದ ಮೇಲೆ ಮಾತಿಲ್ಲದೆ ತೆಗೆದರು.

ನನ್ನ ಅಕ್ಕ ಒಬ್ಬಳೇ ಗಾಡಿ ತೆಗೆದುಕೊಂಡು ಹೋದರೆ ಈ ಪಟ್ಟಿ ಇನ್ನೂ ಉದ್ದ ಆಗುತ್ತದೆ. ಭಾವ ಹೋದರೆ ಚಿಕ್ಕದಾಗುತ್ತದೆ. ಭಾವನಿಗೆ ಆಯಿಲ್ ಮಟ್ಟ ನೋಡುವ ಕಡ್ಡಿ, ಅದೇ ಡಿಪ್‌ಸ್ಟಿಕ್, ಎಲ್ಲಿದೆ ಅಂತಲೂ ಗೊತ್ತಿಲ್ಲ, ಮನೆಯಲ್ಲಿ ಗಾಡಿ ಬಗ್ಗೆ ಓದಿಕೊಂಡಿರುವುದು ಅಕ್ಕನೇ. ಹೆಂಗಸರು ಬಂದ ಕೂಡಲೇ ಪಟ್ಟಿ ಉದ್ದ ಮಾಡುವ ಜಾಗ ಯಾವುದೇ ಇರಲಿ, ಅದನ್ನು ಬಿಟ್ಟುಬಿಡೋಕೆ ಅಷ್ಟೇ ಕಾರಣ ಸಾಕು.

ವಾರಂಟಿ ಮುಗಿದ ಮೇಲೆ ನನ್ನ ವೋಟು ಒಳ್ಳೆಯ ಲೋಕಲ್ ಗ್ಯಾರೇಜ್‌ಗೆ. ನಾನು ಮಾಡುವುದು ಹೀಗೆ. ಆಯಿಲ್, ಫಿಲ್ಟರ್, ಡ್ರೈನ್ ಬೋಲ್ಟ್‌ನ ವಾಷರ್ ಮೂರನ್ನೂ ನಾನೇ ತರುತ್ತೇನೆ. ಬೆಂಗಳೂರಿನವರಿಗೆ ಜೆ.ಸಿ. ರೋಡ್ ಇದ್ದೇ ಇದೆ, ಅಲ್ಲಿ ಗಾಡಿಯ ಮಾಡೆಲ್ ಮತ್ತು ವರ್ಷ ಹೇಳಿದರೆ ಕೌಂಟರ್‌ನಲ್ಲಿರುವವರು ಕಂಪ್ಯೂಟರ್ ನೋಡದೇ ಪಾರ್ಟ್ ತೆಗೆದು ಕೊಡುತ್ತಾರೆ. ಬೇರೆ ಊರಿನವರು ಕಂಪನಿಯ ಜೆನ್ಯೂನ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಬಹುದು. ಮಾರುತಿಯಂಥ ಸಣ್ಣ ಕಾರಿನ ಆಯಿಲ್ ಫಿಲ್ಟರ್‌ಗೆ ದೊಡ್ಡ ಬೆಲೆ ಏನಿಲ್ಲ, ಅದರಲ್ಲಿ ಉಳಿಸೋಕೆ ಹೋಗಬೇಡಿ, ಜೆನ್ಯೂನೇ ತೆಗೆದುಕೊಳ್ಳಿ. ಆಯಿಲ್ ಮಾತ್ರ ಕ್ಯಾಸ್ಟ್ರಾಲ್, ಶೆಲ್, ಮೊಬಿಲ್, ಸರ್ವೋ ಯಾವುದಾದರೂ ಆಗುತ್ತದೆ, ಗ್ರೇಡ್ ಮತ್ತು ಡಬ್ಬದ ಹಿಂದಿನ ಎಪಿಐ ದರ್ಜೆ (ಆಯಿಲ್‌ನ ಗುಣಮಟ್ಟ ಹೇಳುವ ಗುರುತು) ಮ್ಯಾನುವಲ್‌ಗೆ ಹೊಂದಬೇಕು ಅಷ್ಟೇ. ಬ್ರಾಂಡ್ ಬಗ್ಗೆ ಜಗಳ ಆಡುವವರು ಆಡಲಿ.

ಡಬ್ಬ ಸೀಲ್ ಆಗಿರಬೇಕು, ಸೀಲ್ ನೀವೇ ಒಡೆಯಬೇಕು. ಬ್ಯಾರಲ್‌ನಿಂದ ಮಗ್‌ನಲ್ಲಿ ತಂದು ಸುರಿಯುವ ಲೂಸ್ ಆಯಿಲ್ ಬೇಡವೇ ಬೇಡ. (ಕಂಪನಿ ಸರ್ವೀಸ್‌ನಲ್ಲೂ ಬ್ಯಾರಲ್ ಇರುತ್ತದೆ, ಆದರೆ ಅಲ್ಲಿ ಅಳತೆ ಯಂತ್ರದಿಂದ ಬರುತ್ತದೆ, ಗ್ರೇಡ್ ಮತ್ತು ಲೀಟರ್ ಬಿಲ್‌ನಲ್ಲಿ ಇರುತ್ತದೆ.) ಕೆಲಸ ಮುಗಿದ ಮೇಲೆ ಖಾಲಿ ಡಬ್ಬವನ್ನು ಅಲ್ಲೇ ಬಿಟ್ಟು ಬರಬೇಡಿ. ಒಳ್ಳೆಯ ಬ್ರಾಂಡ್‌ನ ಖಾಲಿ ಡಬ್ಬಕ್ಕೆ ಗುಜರಿಯಲ್ಲಿ ಗಿರಾಕಿಗಳಿದ್ದಾರೆ, ಅದು ಇನ್ನೊಮ್ಮೆ ತುಂಬಿ ಇನ್ನೊಬ್ಬರ ಎಂಜಿನ್‌ಗೆ ಹೋಗಬಹುದು. ಸ್ಕ್ರೂ ಡ್ರೈವರ್‌ನಲ್ಲಿ ಒಂದು ತೂತು ಹೊಡೆದುಬಿಟ್ಟರೆ ಮುಗಿಯಿತು. ಡಬ್ಬದಲ್ಲಿ ಆಯಿಲ್ ಉಳಿದಿದ್ದರೆ ಮನೆಗೆ ತನ್ನಿ. ಸ್ವಿಫ್ಟ್‌ನಂಥ ಪೆಟ್ರೋಲ್ ಎಂಜಿನ್‌ಗೆ ಬೇಕಾಗುವುದು ಮೂರು ಲೀಟರ್‌ಗಿಂತ ಸ್ವಲ್ಪ ಜಾಸ್ತಿ, ನೀವು ಮೂರೂವರೆ ಲೀಟರ್ ಡಬ್ಬ ತಂದಿದ್ದರೆ ತಳದಲ್ಲಿ ಉಳಿಯಲೇಬೇಕು.

"ಉಳಿದಿದ್ದನ್ನೂ ಹಾಕಿಬಿಡ್ತೀನಿ, ಎಂಜಿನ್‌ಗೆ ಒಳ್ಳೇದೇ" ಅನ್ನುವವರು ಇದ್ದಾರೆ. ಬೇಡ ಅನ್ನಿ. ಡಿಪ್‌ಸ್ಟಿಕ್‌ನ ಮೇಲಿನ ಗುರುತು ದಾಟಿ ಜಾಸ್ತಿ ತುಂಬಿದರೆ ಎಂಜಿನ್ ಒಳಗಿನ ಕ್ರ್ಯಾಂಕ್ ಅನ್ನುವ ದಂಡ ತಿರುಗುವಾಗ ಆಯಿಲ್‌ಗೆ ಹೊಡೆದು ನೊರೆ ಎಬ್ಬಿಸುತ್ತದೆ, ನೊರೆ ಬಂದ ಆಯಿಲ್ ಸರಿಯಾಗಿ ಪಂಪ್ ಆಗುವುದಿಲ್ಲ. ಕಡಿಮೆ ಆದರೂ ಕಷ್ಟ, ಜಾಸ್ತಿ ಆದರೂ ಕಷ್ಟ.

ಮೆಕ್ಯಾನಿಕ್ ಕೈ ಹೇಗಿದೆ ಅಂತ ಗೊತ್ತಾಗುವುದು ಡ್ರೈನ್ ಬೋಲ್ಟ್‌ನಲ್ಲಿ. ಎಂಜಿನ್ ಸ್ವಲ್ಪ ಬಿಸಿ ಇರುವಾಗ ಬಿಚ್ಚುತ್ತಾನಾ, ಪೂರ್ತಿ ಹನಿ ನಿಲ್ಲುವವರೆಗೂ ಕಾಯುತ್ತಾನಾ, ಬೋಲ್ಟ್ ಮೊದಲು ಕೈಯಲ್ಲಿ ತಿರುಗಿಸಿ ಆಮೇಲೆ ಸ್ಪ್ಯಾನರ್ ಹಾಕುತ್ತಾನಾ, ಹೊಸ ಫಿಲ್ಟರ್‌ನ ರಬ್ಬರ್‌ಗೆ ಒಂದು ಬೆರಳು ಆಯಿಲ್ ಸವರುತ್ತಾನಾ. ಇದೆಲ್ಲ ಹೇಳಿಸಿಕೊಳ್ಳದೇ ಮಾಡುವವನನ್ನು ಬಿಡಬೇಡಿ, ಅವನ ಗ್ಯಾರೇಜ್ ಎರಡು ಏರಿಯಾ ದಾಟಿ ಇದ್ದರೂ ಸರಿ. ಉದ್ದನೆ ಪೈಪ್ ಸಿಕ್ಕಿಸಿ ಜೋರಾಗಿ ಬೋಲ್ಟ್ ಬಿಗಿ ಮಾಡುವವನು ಇದ್ದಾನಲ್ಲ, ಅವನಿಂದ ದೂರ ಇರಿ. ಚೇಂಬರ್‌ನ, ಅಂದರೆ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆಯ, ಥ್ರೆಡ್ ಹೋದರೆ ಆಯಿಲ್ ಚೇಂಜ್‌ನಲ್ಲಿ ಉಳಿಸಿದ್ದಕ್ಕಿಂತ ಎಷ್ಟೋ ಜಾಸ್ತಿ ಖರ್ಚು.

ಬಿಎಸ್‌6 ಡೀಸೆಲ್ ಇಟ್ಟುಕೊಂಡವರಿಗೆ ಮಾತ್ರ ನನ್ನ ಸಲಹೆ ಬೇರೆ. 2020ರ ಏಪ್ರಿಲ್ 1ರಿಂದ ಬಿಎಸ್‌6 ಅನ್ನುವ ಹೊಗೆ ಮಾಲಿನ್ಯದ ನಿಯಮ ಬಂತಲ್ಲ, ಅಲ್ಲಿಂದ ಈಚೆಗಿನ ಡೀಸೆಲ್ ಕಾರುಗಳ ಸೈಲೆನ್ಸರ್ ಲೈನಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಅದಕ್ಕೆ ಬೂದಿ ಕಡಿಮೆ ಬಿಡುವ ಬೇರೆ ಥರದ ಆಯಿಲ್ ಬೇಕು. ಹಳೇ ಡೀಸೆಲ್ ಆಯಿಲ್ ಹಾಕಿದರೆ ಆ ಬೂದಿ ಫಿಲ್ಟರ್‌ನಲ್ಲೇ ಕೂರುತ್ತದೆ, ಮಸಿಯ ಹಾಗೆ ಸುಟ್ಟು ಹೋಗುವುದಿಲ್ಲ. ಊರೊಳಗೇ ಓಡಿಸಿ ಆ ಮಸಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತಿದ್ದರೆ ಡೀಸೆಲ್ ಹೋಗಿ ಎಂಜಿನ್ ಆಯಿಲ್ ಜೊತೆ ಸೇರಿ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಮೇಲೆ ಬರುವುದೂ ಉಂಟು. ಇದೆಲ್ಲ ತಿಳಿದಿರುವ ಹೊರಗಿನ ಮೆಕ್ಯಾನಿಕ್ ಸಿಗದಿದ್ದರೆ ಕಂಪನಿಗೇ ಹೋಗಿ.

ಮನೆ ಬಾಗಿಲಿಗೆ ಬಂದು ಮಾಡುವವರೂ ಈಗ ಇದ್ದಾರೆ. ಕಣ್ಣೆದುರಿಗೇ ಆಗುತ್ತದೆ, ಅದೊಂದು ಒಳ್ಳೆಯದು. ಕೆಲವರು ಡಿಪ್‌ಸ್ಟಿಕ್ ತೂತಿನಿಂದ ಪಂಪ್ ಹಾಕಿ ಎಳೆಯುತ್ತಾರೆ, ಕೆಲವು ಎಂಜಿನ್‌ಗಳಲ್ಲಿ ಅದರಿಂದ ತಳದ ಆಯಿಲ್ ಪೂರ್ತಿ ಬರುವುದಿಲ್ಲ, ಅದಕ್ಕೆ ಮೊದಲೇ ಕೇಳಿಕೊಳ್ಳಿ. ಬಂಕ್‌ನಲ್ಲಿ ಮಾಡಿಸುವುದು ನನಗಂತೂ ಇಷ್ಟ ಇಲ್ಲ, ಗಡಿಬಿಡಿ ಜಾಸ್ತಿ.

ಎಷ್ಟು ದಿನಕ್ಕೆ ಅನ್ನುವುದರಲ್ಲೂ ಎರಡು ಕಡೆಯವರದು ಎರಡು ಮಾತು. ಮಾರುತಿ, ಹ್ಯುಂಡೈನಂಥ ಕಂಪನಿಗಳು ಸಾಮಾನ್ಯವಾಗಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ ಅನ್ನುತ್ತವೆ. ಗ್ಯಾರೇಜ್‌ನವರು 5,000ಕ್ಕೇ ಬನ್ನಿ ಅಂತ ಸ್ಟಿಕ್ಕರ್ ಅಂಟಿಸುತ್ತಾರೆ. ಗಿರಾಕಿ ಬೇಗ ಬರಲಿ ಅನ್ನುವ ಆಸೆ ಅದರಲ್ಲಿ ಇದೆ, ನಿಜ, ಆದರೆ ಸಿಲ್ಕ್ ಬೋರ್ಡ್, ಹೆಬ್ಬಾಳದ ಟ್ರಾಫಿಕ್‌ನಲ್ಲಿ ಮೀಟರ್ ನಿಂತಿದ್ದರೂ ಎಂಜಿನ್ ಓಡುತ್ತಲೇ ಇರುತ್ತದೆ ಅಲ್ವಾ? ಸಣ್ಣ ಸಣ್ಣ ಓಡಾಟ, ಧೂಳು, ನಿಂತು ನಿಂತು ಹೋಗುವುದು ಇದ್ದರೆ ಬೇಗ ಬದಲಾಯಿಸಿ ಅಂತ ಹಲವು ಮ್ಯಾನುವಲ್‌ಗಳೇ ಹೇಳುತ್ತವೆ. ತರಕಾರಿ ತರೋಕೆ, ಮಕ್ಕಳನ್ನು ಸ್ಕೂಲಿಗೆ ಬಿಡೋಕೆ ಮಾತ್ರ ತೆಗೆಯುವ ಕಾರಿನ ಎಂಜಿನ್ ಪೂರ್ತಿ ಬಿಸಿ ಆಗುವುದೇ ಇಲ್ಲ, ಆಯಿಲ್‌ನಲ್ಲಿ ಸೇರಿದ ಪೆಟ್ರೋಲ್, ನೀರಿನ ಅಂಶ ಹಾಗೇ ಉಳಿಯುತ್ತದೆ. ಅಂಥ ಗಾಡಿ 3,000 ಓಡಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು.

ಇನ್ನೊಂದು ಪ್ರಶ್ನೆ ಗ್ಯಾರೇಜ್‌ನವರಿಗೆ ಕೇಳಿ: ಹಳೇ ಆಯಿಲ್ ಏನು ಮಾಡ್ತೀರಿ? ಬಳಸಿದ ಆಯಿಲ್ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ, ಅನುಮತಿ ಇರುವ ರೀಸೈಕ್ಲರ್‌ಗಳಿಗೇ ಹೋಗಬೇಕು. ನಮ್ಮಲ್ಲಿ ಅದು ಮನೆ ಕಟ್ಟುವ ಕಡೆ ಸೆಂಟ್ರಿಂಗ್ ಹಲಗೆಗೆ ಬಳಿಯೋಕೆ, ಗೆದ್ದಲು ಹಿಡಿಯದಿರಲಿ ಅಂತ ಮರಕ್ಕೆ ಹಚ್ಚೋಕೆ ಹೋಗುತ್ತದೆ, ಇಲ್ಲವೇ ಸೀದಾ ಮೋರಿಗೆ. ಮೋರಿಗೆ ಸುರಿಯುವುದು ಕಣ್ಣಿಗೆ ಬಿದ್ದರೆ ನಾನು ಆ ಗ್ಯಾರೇಜ್ ಬಿಟ್ಟುಬಿಡುತ್ತೇನೆ. ಡ್ರಮ್‌ನಲ್ಲಿ ತುಂಬಿಟ್ಟು ತೆಗೆದುಕೊಂಡು ಹೋಗುವವರಿಗೆ ಕೊಡುವ ಗ್ಯಾರೇಜ್‌ಗಳು ಇವೆ, ಅಂಥ ಕಡೆ ಉಳಿದ ಕೆಲಸವೂ ಸಾಮಾನ್ಯವಾಗಿ ಚೊಕ್ಕಟವಾಗೇ ಇರುತ್ತದೆ.

ಎಲ್ಲೇ ಮಾಡಿಸಿ, ಮನೆಗೆ ಬಂದ ರಾತ್ರಿ ಎಂಜಿನ್ ಕೆಳಗೆ ಒಂದು ಹಳೇ ಪೇಪರ್ ಹಾಸಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಗಾಡಿ ಸಮತಟ್ಟು ಜಾಗದಲ್ಲಿ ಇರುವಾಗ, ಡಿಪ್‌ಸ್ಟಿಕ್ ಒರೆಸಿ ಮತ್ತೆ ಹಾಕಿ ತೆಗೆದು ನೋಡಿ. ಪೇಪರ್ ಮೇಲೆ ಹೊಸ ಆಯಿಲ್‌ನ ಹನಿ ಇದ್ದರೆ ಫೋಟೋ ತೆಗೆದು ಗ್ಯಾರೇಜ್‌ನವನಿಗೆ ಕಳಿಸಿ. "ತಗೊಂಡ್ ಬನ್ನಿ ಸಾರ್, ನೋಡೋಣ" ಅಂತ ತಕ್ಷಣ ಹೇಳಿದರೆ ಮುಂದಿನ ವರ್ಷವೂ ಅವನ ಹತ್ತಿರವೇ ಹೋಗಬಹುದು.