ಒಬ್ಬ ಬ್ಯಾಟರ್, ಮೂರು ಸಾಲು: ಸ್ಕೋರ್ ಗಿರಣಿ, ಕಂತು 4

ಹನ್ನೊಂದು ದಿನ ಕಾಡಿದ ತಪ್ಪು ಕೊನೆಗೂ ಸಿಕ್ಕಿತು. ಸಿಕ್ಕಿತು ಎಂದರೆ ಕಣ್ಣಿಗೆ ಬಿತ್ತು ಅಂತಲ್ಲ. ಅದು ಕಣ್ಣಿಗೆ ಬೀಳುವ ಜಾತಿಯದೇ ಅಲ್ಲ. ಅಗಲ ಸೊನ್ನೆ, ಎತ್ತರ ಸೊನ್ನೆ, ತೊಂದರೆ ಮಾತ್ರ ಪುಟದ ತುಂಬ.

ಗಿರಣಿ ಅಂದರೆ ಇಂಗ್ಲಿಷ್ ಸ್ಕೋರ್‌ಕಾರ್ಡನ್ನು ಕನ್ನಡ ಮಾಡಲು ನಾನು ಪೈಥಾನ್ ಎಂಬ ಕೋಡ್ ಭಾಷೆಯಲ್ಲಿ ಬರೆಯುತ್ತಿರುವ ಪ್ರೋಗ್ರಾಂ, ಹಿಂದಿನ ಕಂತುಗಳಲ್ಲಿ ಹೇಳಿದ್ದೇನೆ. ಕ್ರೀಡಾ ಡೆಸ್ಕಿನಲ್ಲಿ ಇಂಟರ್ನ್ ಆದವರಿಗೆ ಮೊದಲು ಸಿಗುವ ಕೆಲಸ ಸಂದರ್ಶನ ಅಲ್ಲ, ಸಂಕ್ಷಿಪ್ತ ಸ್ಕೋರ್. ಇಂಗ್ಲಿಷ್ ಸ್ಕೋರ್‌ಕಾರ್ಡ್ ನೋಡಿಕೊಂಡು ಕನ್ನಡದಲ್ಲಿ ಹೊಡೆಯಬೇಕು. ‘ಕರ್ನಾಟಕ: 50 ಓವರ್‌ಗಳಲ್ಲಿ 6 ವಿಕೆಟ್‌ಗೆ 348 (ಆರ್. ಸ್ಮರಣ್ 101, ಅಭಿನವ್ ಮನೋಹರ್ 79, ಕೆ.ಎಲ್. ಶ್ರೀಜಿತ್ 78)’. ಇದು 2025ರ ಜನವರಿ 18ರಂದು ವಡೋದರದಲ್ಲಿ ನಡೆದ ವಿಜಯ್ ಹಜಾರೆ ಟ್ರೋಫಿ ಫೈನಲ್. ಎದುರಾಳಿ ವಿದರ್ಭ. 36 ರನ್‌ಗಳಿಂದ ಗೆದ್ದೆವು, ಐದನೇ ಸಲ ಕಪ್ ಬಂತು. ಗಿರಣಿಗೆ ಇದೇ ನನ್ನ ಮೊದಲ ಪರೀಕ್ಷಾ ಪಂದ್ಯ. ಒಂದು ಕಡೆ ಸ್ಕೋರ್‌ಕಾರ್ಡ್ ಸುರಿದರೆ ಇನ್ನೊಂದು ಕಡೆ ಕನ್ನಡದ ಪ್ಯಾರಾ ಉದುರಬೇಕು. ಜೊತೆಗೆ ಕರ್ನಾಟಕದ ಆಟಗಾರರ ದೇಶಿ ಕ್ರಿಕೆಟ್ ಲೆಕ್ಕ ತನ್ನಷ್ಟಕ್ಕೆ ಕೂಡಿಕೊಳ್ಳಬೇಕು.

ಓವರ್ ಲೆಕ್ಕದ ಕಥೆ ಬಿಡೋಣ. 19.4 ಎಂದರೆ 118 ಎಸೆತ, ದಶಮಾಂಶ ಅಲ್ಲ. ಈ ಗುಂಡಿಗೆ ಎಲ್ಲರೂ ಒಮ್ಮೆ ಬಿದ್ದೇ ಇರುತ್ತೀರಿ. ನೆಟ್ ರನ್‌ರೇಟ್ ತೆಗೆಯಲು ಆಲೌಟ್ ಆದ ತಂಡಕ್ಕೆ ಪೂರ್ತಿ ಓವರ್ ಲೆಕ್ಕ ಹಿಡಿಯುವುದೂ ಸೇರಿಯಾಯಿತು. 2024ರ ಐಪಿಎಲ್ ಲೀಗ್ ಹಂತ ಹಾಕಿ ನೋಡಿದೆ. ಆರ್‌ಸಿಬಿಗೆ 0.459, ಚೆನ್ನೈಗೆ 0.392. ಮೇ 18ರ ರಾತ್ರಿ ಇದೇ ಅಂತರದಲ್ಲಿ ಆರ್‌ಸಿಬಿ ಪ್ಲೇಆಫ್‌ಗೆ ಹೋಗಿದ್ದಕ್ಕೆ ಊರು ಊರೇ ಪಟಾಕಿ ಹೊಡೆದಿತ್ತು. ಅಂಕಿ ತಾಳೆಯಾದಾಗ ನನಗೂ ಒಂದು ಮಾಲೆ ಪಟಾಕಿ ಹಚ್ಚೋಣ ಅನ್ನಿಸಿತು. ಪಿಜಿ ಆಂಟಿಗೆ ಹೆದರಿ ಸುಮ್ಮನಾದೆ.

ಸಮಸ್ಯೆ ಶುರುವಾಗಿದ್ದು ಹಳೆಯ ಸೀಸನ್‌ಗಳನ್ನು ಸೇರಿಸಿದಾಗ.

ಡೆಸ್ಕಿನಲ್ಲಿ ಹಳೆಯ ಸ್ಕೋರ್ ಫೈಲ್‌ಗಳು ಆಸ್ಕಿ ಫಾಂಟ್‌ನಲ್ಲಿವೆ. ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಇರುವ ಯೂನಿಕೋಡ್‌ಗೆ ತರಲು ಎರಡು ಬೇರೆ ಬೇರೆ ಕನ್ವರ್ಟರ್ ಬಳಸಿದೆ. ಒಂದು ಕೈಕೊಟ್ಟ ದಿನ ಇನ್ನೊಂದು. ಆಗ ಅದು ಜಾಣತನ ಅನ್ನಿಸಿತ್ತು. ಎಲ್ಲ ಕೂಡಿಸಿ ಹೆಚ್ಚು ರನ್ ಗಳಿಸಿದವರ ಪಟ್ಟಿ ತೆಗೆದು ನಮ್ಮ ಚೀಫ್ ಸಬ್ (ಮುಖ್ಯ ಉಪಸಂಪಾದಕರು) ಮುಂದೆ ಇಟ್ಟೆ. ಅವರು ಕನ್ನಡಕ ಹಣೆಗೇರಿಸಿ ಎರಡು ಸಲ ನೋಡಿದರು.

“ಏನಮ್ಮಾ, ಮನೋಹರ್ ಎಲ್ಲಿ? ನಿನ್ನ ಗಿರಣಿಯಲ್ಲಿ ಹಿಟ್ಟಾಗಿ ಹೋದ್ನಾ?”

ಇದ್ದ. ಕೆಳಗೆ ಇದ್ದ. ಇನ್ನೂ ಕೆಳಗೆ ಮತ್ತೊಮ್ಮೆ ಇದ್ದ. ಅದಕ್ಕೂ ಕೆಳಗೆ ಮೂರನೇ ಸಲ ಇದ್ದ. ಅಭಿನವ್ ಮನೋಹರ್, ಅಭಿನವ್ ಮನೋಹರ್, ಅಭಿನವ್ ಮನೋಹರ್. ರನ್ ಮೂರು ಪಾಲಾಗಿತ್ತು, ಆಸ್ತಿ ಪಾಲಾದ ಹಾಗೆ.

ನನ್ನ ಹೆಮ್ಮೆಯ ತಪಾಸಣೆ ಇದನ್ನು ಹಿಡಿಯಲೇ ಇಲ್ಲ. ಬ್ಯಾಟರ್‌ಗಳ ರನ್ ಮತ್ತು ಇತರೆ ಕೂಡಿಸಿದರೆ ತಂಡದ ಮೊತ್ತ ಬರಬೇಕು ಅನ್ನುವುದು ಆ ತಪಾಸಣೆ. ಮೂವರೂ ಪಟ್ಟಿಯಲ್ಲೇ ಇದ್ದಾರೆ, ಹಾಗಾಗಿ ಮೊತ್ತ ಸರಿಯಾಗಿಯೇ ಬರುತ್ತದೆ. ಎಲ್ಲ ಹಸಿರು ದೀಪ.

ಮೊದಲ ಅನುಮಾನ ಖಾಲಿ ಜಾಗದ ಮೇಲೆ. ಹೆಸರಿನ ಕೊನೆಗೊಂದು ಸ್ಪೇಸ್ ಅಂಟಿರುತ್ತದೆ, ಗೊತ್ತಲ್ವಾ. ಪೈಥಾನ್‌ನಲ್ಲಿ ಹಿಂದು ಮುಂದು ಕತ್ತರಿಸಿದೆ. ಮೂವರು ಮೂವರೇ. ಎರಡನೇ ಅನುಮಾನ ನನ್ನ ಕೀಬೋರ್ಡ್ ಮೇಲೆ. ಎಸ್.ಪಿ. ರೋಡಿನಲ್ಲಿ ತಂದ ಸೆಕೆಂಡ್‌ಹ್ಯಾಂಡ್ ಮಾಲು. ಅಂಗಡಿಯವರು ಅದರ ಮೇಲೆ ಕನ್ನಡ ಸ್ಟಿಕ್ಕರ್ ಅಂಟಿಸಿ ಹೆಚ್ಚಿಗೆ ದುಡ್ಡು ಕಿತ್ತರು. “ಐದು ವರ್ಷ ಅಲ್ಲಾಡಲ್ಲ ಮೇಡಂ.” ಎರಡೇ ವಾರಕ್ಕೆ ‘ಳ’ ಉದುರಿತು. ‘ಣ’ ನನ್ನ ತೋಳಿಗೆ ಅಂಟಿಕೊಂಡು ಒಂದು ಇಡೀ ಪತ್ರಿಕಾಗೋಷ್ಠಿಗೆ ಬಂದಿತ್ತು. ಆದರೆ ಈ ಸಲ ಪಾಪ ಕೀಬೋರ್ಡ್ ನಿರಪರಾಧಿ. ನಾನು ಕೈಯಾರೆ ಹೊಡೆದ ಮನೋಹರ್ ಮಾತ್ರ ಸರಿ ಇದ್ದ.

ಮೂರೂ ಹೆಸರಿನ ಉದ್ದ ಅಳೆದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು, ಬೈಯಬೇಡಿ. ನಾನು ಹೊಡೆದಿದ್ದು 13. ಒಂದನೇ ಕನ್ವರ್ಟರಿನದು 15. ಎರಡನೆಯದೂ 15.

ಈ 15 ನನ್ನ ನಾಲ್ಕು ದಿನ ತಿಂದಿತು. ಎರಡೂ 15 ಅಂದ ಮೇಲೆ ಇಬ್ಬರಿಗೂ ಒಂದೇ ಕಾಯಿಲೆ ಅಂದುಕೊಂಡೆ. ಹಾಗಿದ್ದರೆ ಆ ಇಬ್ಬರಾದರೂ ಒಂದಾಗಬೇಕಿತ್ತಲ್ವಾ? ಆಗಿರಲಿಲ್ಲ. ಆ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ರಾತ್ರಿ ಪಾಳಿ ಮುಗಿಸಿ ಎರಡು ಗಂಟೆಗೆ ಕೋಡ್ ನೋಡಿದರೆ ಹೀಗೇ.

ಕೊನೆಗೆ ಒಂದೊಂದೇ ಅಕ್ಷರದ ಸಂಖ್ಯೆ ಅಚ್ಚು ಹಾಕಿಸಿದೆ. ಮೊದಲ ಕಳ್ಳ ‘ನೋ’ದ ಹೊಟ್ಟೆಯಲ್ಲಿದ್ದ. ಯೂನಿಕೋಡ್‌ನಲ್ಲಿ ಓತ್ವಕ್ಕೆ ಒಂದೇ ಸಂಖ್ಯೆ ಇದೆ: 0ಸಿಸಿಬಿ. ಹೌದು, ಸಿಸಿಬಿ. ನಮ್ಮ ಕ್ರೈಂ ವರದಿಗಾರರಿಗೆ ಇದನ್ನು ತೋರಿಸಿದೆ. ದಿನವಿಡೀ ನಕ್ಕರು. ಆದರೆ ಅದೇ ಓತ್ವವನ್ನು ಎತ್ವ, ಊತ್ವದ ಕೊಂಬು, ದೀರ್ಘ ಅಂತ ಮೂರು ತುಂಡಾಗಿ ಬರೆದರೂ ಪರದೆಯ ಮೇಲೆ ಅದೇ ‘ನೋ’ ಕಾಣುತ್ತದೆ. ಆಸ್ಕಿ ಫಾಂಟ್‌ನಲ್ಲಿ ಅಕ್ಷರ ಅಂದರೆ ಚೂರು ಚೂರು ಚಿತ್ರ. ಒಂದನೇ ಕನ್ವರ್ಟರ್ ಆ ಚೂರುಗಳನ್ನು ಜೋಡಿಸದೆ ಹಾಗೇ ದಾಟಿಸಿದೆ. ಒಂದು ಇರಬೇಕಾದಲ್ಲಿ ಮೂರು, ಹಾಗಾಗಿ ಹದಿಮೂರಕ್ಕೆ ಬದಲು ಹದಿನೈದು. ಇದಕ್ಕೆ ಔಷಧ ಸಿದ್ಧ ಇದೆ. ಬಿಡಿ ತುಂಡುಗಳನ್ನು ಜೋಡಿಸಿ ಒಂದೇ ಸಂಖ್ಯೆಗೆ ತರುವ ಎನ್‌ಎಫ್‌ಸಿ ನಾರ್ಮಲೈಸೇಷನ್, ಒಂದು ಸಾಲು ಕೋಡ್. ಹಾಕಿದೆ. ಮೂವರು ಇಬ್ಬರಾದರು. ಅರ್ಧ ಗೆಲುವು ಅಂತ ಒಂದು ಬೈಟು ಕಾಫಿ ಕುಡಿದೆ, ಇನ್ನರ್ಧ ಕುಡಿಯಲು ಯಾರೂ ಇರಲಿಲ್ಲ.

ಉಳಿದವನು ಮಾತ್ರ ಎನ್‌ಎಫ್‌ಸಿಗೂ ಜಗ್ಗಲಿಲ್ಲ. ಆಗಲೂ 15.

(ಇಲ್ಲಿ ಒಂದು ಅಡ್ಡ ಮಾತು. ಮುಂದಿನ ಯೋಜನೆ ಏನು ಅಂತ ಕೆಲವರು ಕೇಳಿದ್ದೀರಿ. ಥರ್ಮಲ್ ಪ್ರಿಂಟರ್! ಕಿರಾಣಿ ಅಂಗಡಿ ಬಿಲ್ಲಿನ 58 ಮಿ.ಮೀ. ಸುರುಳಿ. ಕರ್ನಾಟಕದ ವಿಕೆಟ್ ಬಿದ್ದಾಗಲೆಲ್ಲ ನನ್ನ ಮೇಜಿನ ಮೇಲೆ ‘ಕರ್ರ್’ ಅಂತ ಒಂದು ಚೀಟಿ ಬರಬೇಕು, ಹಳೆಯ ಟೆಲಿಪ್ರಿಂಟರ್ ಥರ. ಆನ್‌ಲೈನ್‌ನಲ್ಲಿ ‘ಎಲ್ಲ ಭಾರತೀಯ ಭಾಷೆಗಳಿಗೂ ಒಗ್ಗುತ್ತದೆ’ ಅಂತ ಹಾಕಿದ್ದರು. ತರಿಸಿ ‘ಕರ್ನಾಟಕ’ ಅಂತ ಕಳಿಸಿದೆ. ಏಳು ಪ್ರಶ್ನಾರ್ಥಕ ಚಿಹ್ನೆ ಬಂದವು. ಮಾರಿದವರಿಗೆ ಫೋನ್ ಮಾಡಿದರೆ “ಫಾಂಟ್ ಇನ್‌ಸ್ಟಾಲ್ ಮಾಡಿ” ಅಂದರು. ಎಲ್ಲಿಗೆ, ಕಾಗದದ ಸುರುಳಿಗಾ? ಈಗ ಇರುವ ದಾರಿ, ಇಡೀ ಸಾಲನ್ನು 384 ಚುಕ್ಕೆ ಅಗಲದ ಚಿತ್ರ ಮಾಡಿ ಕಳಿಸುವುದು. ಅದಕ್ಕೆ ಚಿತ್ರ ಮಾಡುವ ಪೈಥಾನ್ ಲೈಬ್ರರಿ ಪಿಲ್ಲೋ ಒಂದೇ ಸಾಲದು, ಜೊತೆಗೆ ಅಕ್ಷರ ಜೋಡಿಸುವ ರಾಕ್ಮ್ ಬೇಕು. ಇಲ್ಲದಿದ್ದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲುತ್ತವೆ. ಮುಂದಿನ ಕಂತಿಗೆ ಇರಲಿ.)

ಎರಡನೇ ಕಳ್ಳನ ಸಂಖ್ಯೆ 200ಸಿ. ಜೀರೋ ವಿಡ್ತ್ ನಾನ್ ಜಾಯ್ನರ್. ಕನ್ನಡದಲ್ಲಿ ಹೇಳುವುದಾದರೆ ‘ಅಂಟಬೇಡ’ ಗುರುತು. ‘ಬೌಲರ್’ ಪಕ್ಕ ‘ಗಳು’ ಇಟ್ಟರೆ ಯೂನಿಕೋಡ್ ಎರಡನ್ನೂ ಮದುವೆ ಮಾಡಿಸಿ ‘ಬೌಲರ್ಗಳು’ ಮಾಡಿಬಿಡುತ್ತದೆ. ನಡುವೆ ಈ ಗುರುತು ಕೂರಿಸಿದರೆ ‘ಬೌಲರ್‌ಗಳು’. ಎರಡನೇ ಕನ್ವರ್ಟರ್ ಸೋಮಾರಿ. ಪದದ ಕೊನೆಯಲ್ಲಿ ಅರ್ಧಾಕ್ಷರ ಕಂಡಲ್ಲೆಲ್ಲ, ಮುಂದೆ ಏನಿದೆ ಅಂತ ನೋಡದೆ, ಒಂದು ‘ಅಂಟಬೇಡ’ ಇಟ್ಟಿದೆ. ‘ಅಭಿನವ್’ ಆದ ಮೇಲೆ ಒಂದು, ‘ಮನೋಹರ್’ ಆದ ಮೇಲೆ ಒಂದು. ಹದಿಮೂರಕ್ಕೆ ಎರಡು ಸೇರಿ ಹದಿನೈದು. ಬೇರೆ ಕಾಯಿಲೆ, ಅದೇ ಜ್ವರದ ಅಂಕಿ. ಇದು ಸ್ಪೇಸ್ ಅಲ್ಲ, ಹಾಗಾಗಿ ಪೈಥಾನ್‌ನ ಕತ್ತರಿಗೂ ಸಿಗುವುದಿಲ್ಲ. ನಾರ್ಮಲೈಸೇಷನ್ ಕೂಡ ಇದನ್ನು ಮುಟ್ಟುವುದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಖುಷಿಯಲ್ಲಿ ನಾನು ಏನು ಮಾಡಿದೆ ಅಂದರೆ, ಗಿರಣಿಯ ಬಾಯಲ್ಲೇ 200ಸಿ ಮತ್ತು ಅದರ ಅಣ್ಣ 200ಡಿ (ಜೀರೋ ವಿಡ್ತ್ ಜಾಯ್ನರ್) ಎರಡನ್ನೂ ಕಂಡಲ್ಲಿ ಅಳಿಸು ಅಂತ ಬರೆದೆ. ಕಾಣದ ಅಕ್ಷರ ಪತ್ರಿಕೆಗೆ ಯಾಕೆ ಬೇಕು? ಪಟ್ಟಿಯಲ್ಲಿ ಮನೋಹರ್ ಒಬ್ಬನೇ ಆದ. ಪಟ್ಟಿ, ಅದರ ಜೊತೆ ಅವತ್ತಿನ ನಾಲ್ಕು ಕಿರುಸುದ್ದಿ ಎಲ್ಲವನ್ನೂ ಗಿರಣಿಗೆ ಹಾಕಿ ಪುಟಕ್ಕೆ ಕಳಿಸಿದೆ.

ಒಂಬತ್ತೂಕಾಲಿಗೆ ಪುಟ ವಿನ್ಯಾಸ ಮಾಡುವ ಅಣ್ಣ ಕೂಗಿದರು. “ಪಾಪು, ಇಲ್ಲಿ ಬಾ. ಇದು ಯಾವ ಭಾಷೆ?”

ಓವರ್ಗಳಲ್ಲಿ. ವಿಕೆಟ್ಗೆ. ಬೌಲರ್ಗಳು. ಕರುಣ್ ನಾಯರ್ಗೆ. ಟೆಸ್ಟ್‌ನಲ್ಲಿ ಔಟಾಗದೆ 303 ಹೊಡೆದವರ ಹೆಸರಿನ ಬಾಲಕ್ಕೆ ನಾನು ಅರ್ಕಾವತ್ತು ಕಟ್ಟಿದ್ದೆ. ಇನ್ನೂ ಕೆಳಗೆ ಬ್ಯಾಡ್ಮಿಂಟನ್ ಸುದ್ದಿಯಲ್ಲಿ ‘ರ‍್ಯಾಂಕಿಂಗ್’ ಹೋಗಿ ‘ರ್ಯಾಂಕಿಂಗ್’ ಆಗಿತ್ತು. ಆ ‘ರ‍್ಯಾ’ ನಿಲ್ಲುವುದೇ 200ಡಿ ಆಸರೆಯಲ್ಲಿ. ‘ರ’ ಆದ ತಕ್ಷಣ ಅದು ಕೂರಬೇಕು, ಆಮೇಲೆ ವಿರಾಮ (ಅಕ್ಷರವನ್ನು ಅರ್ಧ ಮಾಡುವ ಗುರುತು), ಆಮೇಲೆ ‘ಯ’. ಅದನ್ನು ಕಿತ್ತರೆ ‘ರ’ ಪಕ್ಕಕ್ಕೆ ಓಡಿ ಅರ್ಕಾವತ್ತಾಗುತ್ತದೆ.

ಯೋಚಿಸಿದರೆ ಇಡೀ ಪತ್ರಿಕೆಯಲ್ಲಿ ಈ ಗುರುತುಗಳು ಜಾಸ್ತಿ ಬೇಕಾಗುವುದು ಕ್ರೀಡಾ ಪುಟಕ್ಕೇ ಇರಬೇಕು. ಕೃಷಿ ಪುಟದಲ್ಲಿ ಅಡಿಕೆಗೆ, ರಾಗಿಗೆ, ಹಸುವಿಗೆ ಅಂತ ಎಲ್ಲ ಸ್ವರದಲ್ಲೇ ಮುಗಿಯುತ್ತದೆ. ನಮ್ಮಲ್ಲಿ ಬೌಲರ್, ಓವರ್, ಪೆನಾಲ್ಟಿ ಕಾರ್ನರ್, ರೇಡರ್, ಎಲ್ಲ ಅರ್ಧಾಕ್ಷರದ ಸಂತೆ. ಅಂಕಿಗಳು ಎಷ್ಟೋ ಮೇಲು. 47ಕ್ಕೆ, 30ಕ್ಕೆ, 100ಕ್ಕೆ, ಸೊನ್ನೆ ಬಿಟ್ಟರೆ ಸ್ಕೋರಿನ ಯಾವ ಸಂಖ್ಯೆಗೂ ‘ಕ್ಕೆ’ ಅಂಟಿಸಿ ಮುಂದೆ ಹೋಗಬಹುದು.

ಮೂರು ಸುದ್ದಿ ಕೈಯಲ್ಲಿ ತಿದ್ದಿದೆವು. ನಾಲ್ಕನೆಯದು ದೂರದ ಊರುಗಳಿಗೆ ಮೊದಲೇ ಅಚ್ಚಾಗುವ ಡಾಕ್ ಎಡಿಷನ್‌ನಲ್ಲಿ ಹಾಗೇ ಹೋಯಿತು. ಮರುದಿನ ಚೀಫ್ ಸಬ್ ಆ ಪುಟದಲ್ಲಿ ‘ವಿಕೆಟ್ಗೆ’ ಸುತ್ತ ಕೆಂಪು ಸುತ್ತು ಹಾಕಿ ನನ್ನ ಮೇಜಿನ ಮೇಲೆ ಇಟ್ಟಿದ್ದರು. ಬೈಯಲಿಲ್ಲ. “ಓದುಗರು ಇಂಟರ್ನ್ ಬರೆದಿದ್ದು ಅಂತ ಓದಲ್ಲಮ್ಮ, ಪೇಪರ್ ಬರೆದಿದ್ದು ಅಂತ ಓದ್ತಾರೆ” ಅಂದರಷ್ಟೇ. ಬೈದಿದ್ದರೇ ವಾಸಿ ಇತ್ತು.

ಈಗಿನ ವ್ಯವಸ್ಥೆ ಹೀಗಿದೆ. ಹೆಸರಿಗೆ ಎರಡು ಕಾಲಂ. ಒಂದು ಹೋಲಿಕೆಗೆ, ಒಂದು ಅಚ್ಚಿಗೆ. ಹೋಲಿಕೆಯ ಕಾಲಂ ಯಾರಿಗೂ ಕಾಣುವುದಿಲ್ಲ. ಅಲ್ಲಿ ಎನ್‌ಎಫ್‌ಸಿ ಮಾಡಿ, ಎರಡೂ ಗುರುತು ಕಿತ್ತು, ಸ್ಪೇಸ್ ಒಂದಾಗಿಸಿ ಬೋಳು ಮಾಡಿದ್ದೇನೆ. ಕೂಡುವುದು, ಹುಡುಕುವುದು ಎಲ್ಲ ಅದರಲ್ಲಿ. ಅಚ್ಚಿನ ಕಾಲಂನಲ್ಲಿ ಪದದ ತುದಿಯಲ್ಲಿ ಸುಮ್ನೆ ಕೂತಿರುವ 200ಸಿ ಮಾತ್ರ ಹೋಗುತ್ತದೆ, ಅಂದರೆ ಮುಂದೆ ಸ್ಪೇಸ್, ಅಲ್ಪವಿರಾಮ ಅಥವಾ ಪೂರ್ಣವಿರಾಮ ಇದ್ದರೆ. ಮುಂದೆ ವ್ಯಂಜನ ಇದ್ದರೆ ಕೈ ಹಾಕುವುದಿಲ್ಲ. 200ಡಿ ತಂಟೆಗಂತೂ ಹೋಗುವುದೇ ಇಲ್ಲ. ಗಿರಣಿ ತಾನೇ ‘ಗೆ’, ‘ಗಳು’ ಅಂಟಿಸುವಾಗ, ಹೆಸರು ವಿರಾಮದಲ್ಲಿ ಮುಗಿದಿದ್ದರೆ ಮೊದಲು ಒಂದು 200ಸಿ ಇಟ್ಟು ಅಂಟಿಸುತ್ತದೆ. ಸ್ಮರಣ್‌ಗೆ ಬೇಕು, ಕುಂಬ್ಳೆಗೆ ಬೇಡ. ಜೊತೆಗೆ ಒಂದು ಹೊಸ ತಪಾಸಣೆ: ಅಚ್ಚಿನ ರೂಪ ಬೇರೆ ಇದ್ದು ಹೋಲಿಕೆಯ ರೂಪ ಒಂದೇ ಆದರೆ ಕೆಂಪು ದೀಪ.

ನಿನ್ನೆ ರಾತ್ರಿ ಎಲ್ಲ ಸೀಸನ್ ಮತ್ತೆ ಸುರಿದೆ. 61 ಕೆಂಪು ದೀಪ ಹತ್ತಿದವು. ಮನೋಹರ್ ಒಬ್ಬನೇ ಅಲ್ಲ, ಅರ್ಧಾಕ್ಷರದಲ್ಲಿ ಮುಗಿಯುವ ಅರ್ಧ ತಂಡವೇ ಅವಳಿ ತ್ರಿವಳಿಯಾಗಿ ಕೂತಿತ್ತು. ಎಲ್ಲ ಒಂದಾದವು. ಪಟ್ಟಿಯಲ್ಲಿ ಮನೋಹರ್ ಮೇಲೆ ಬಂದ. ಚೀಫ್ ಸಬ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ.

ಎರಡು ನಿಮಿಷಕ್ಕೆ ಉತ್ತರ ಬಂತು. “ಗುಡ್. 7ನೇ ಸಾಲು, 19ನೇ ಸಾಲು ನೋಡು.”

7ನೇ ಸಾಲಿನಲ್ಲಿ ಕೆ.ಎಲ್. ಶ್ರೀಜಿತ್. 19ರಲ್ಲಿ ಕೃಷ್ಣನ್ ಶ್ರೀಜಿತ್. ಇಬ್ಬರೂ ಒಬ್ಬರೇ. ಇದರಲ್ಲಿ ಕಾಣದ ಅಕ್ಷರ ಯಾವುದೂ ಇಲ್ಲ, ಎಲ್ಲ ಕಣ್ಣೆದುರೇ ಇದೆ. ಇನ್ನು ಆರ್. ಸ್ಮರಣ್, ರವಿಚಂದ್ರನ್ ಸ್ಮರಣ್, ಸ್ಮರಣ್ ರವಿಚಂದ್ರನ್ ಮೂವರನ್ನು ನಾನು ಈಗಷ್ಟೇ ನೋಡಿದೆ. ಪ್ರಿಂಟರ್ ಇನ್ನೊಂದು ತಿಂಗಳು ಡಬ್ಬದಲ್ಲೇ ಇರುತ್ತದೆ.